ನಾಣ್ಯದ ಮೂರನೇ ಮುಖ

ಹಳೆಯ ನಾಣ್ಯ ಸಿಕ್ಕವರು ಕೇಳುವುದು ಎರಡೇ ಪ್ರಶ್ನೆ. ಇದು ಯಾರ ಕಾಲದ್ದು? ಎಷ್ಟು ಸಿಗುತ್ತೆ? ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಹೊಳೆದಂಡೆ ಸುತ್ತುವ ವಿಡಿಯೊಗಳು ಹೆಚ್ಚಾದ ಮೇಲೆ ಎರಡನೆಯ ಪ್ರಶ್ನೆಯೇ ಮೊದಲಿಗೆ ಬಂದು ಕೂತಿದೆ. ಯಂತ್ರ ಕೂಗುತ್ತೆ, ಮಣ್ಣು ಕೆದಕುತ್ತಾರೆ, ನಾಣ್ಯವನ್ನು ನೀರಲ್ಲಿ ಉಜ್ಜಿ ಅಂಗೈ ಮೇಲಿಟ್ಟು ತೋರಿಸುತ್ತಾರೆ. ಒಂದು ರಾಜವಂಶದ ಹೆಸರು, ಒಂದು ದೊಡ್ಡ ಮೊತ್ತ, ಅಲ್ಲಿಗೆ ಮುಗೀತು. ನಾಣ್ಯದ ಮೇಲೆ ಏನು ಬರೆದಿದೆ ಅಂತ ಓದುವವರು ಕಡಿಮೆ. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಅಂತ ಬರೆದಿಡುವವರು ಇನ್ನೂ ಕಡಿಮೆ.

ಶಾಸನ ಓದುವ ನಮಗೆ ಇದು ಬೇರೆಯವರ ಹವ್ಯಾಸ ಅಂತ ಸುಮ್ಮನಿರಲು ಬರುವುದಿಲ್ಲ. ನಾಣ್ಯ ಅಂದರೆ ಅತಿ ಚಿಕ್ಕ ಶಾಸನ. ಕಲ್ಲಿನ ಶಾಸನವನ್ನು ಊರಿಂದ ಕಿತ್ತು ತಂದು ಯಾರದೋ ಬಂಗಲೆಯ ಹೂದೋಟದಲ್ಲಿ ನಿಲ್ಲಿಸಿದರೆ ಪಾಠ ಉಳಿಯುತ್ತೆ. ಆದರೆ ಅದು ಯಾವ ಕೆರೆಯ ತೂಬಿನದು, ಯಾವ ಗದ್ದೆಯ ಗಡಿಯದು ಅನ್ನೋದು ಹೋಗಿಬಿಡುತ್ತೆ. ನಾಣ್ಯದ ಪಾಡೂ ಹಾಗೇ. ಅದಕ್ಕೆ ಎರಡು ಮುಖ ಅಂತ ಎಲ್ಲರೂ ಹೇಳ್ತೀವಿ. ಮೂರನೆಯದೊಂದು ಇದೆ, ಅದು ಸಿಕ್ಕ ಜಾಗ. ಮೊದಲೆರಡು ಮುಖಗಳನ್ನು ನೂರು ವರ್ಷದ ನಂತರವೂ ಯಾರಾದರೂ ಓದಬಹುದು. ಮೂರನೆಯದನ್ನು ಓದುವ ಅವಕಾಶ ನಾಣ್ಯ ಎತ್ತಿದವನಿಗೆ ಮಾತ್ರ, ಅದೂ ಒಂದೇ ಸಲ. ಬೆಲೆ ಕಟ್ಟುವ ಈಗಿನ ಅಭ್ಯಾಸದ ಮೇಲೆ ನನ್ನ ಮುಖ್ಯ ಆಕ್ಷೇಪ ಇದೇ: ಅದು ಈ ಮೂರನೇ ಮುಖವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದೇ ವರ್ಷದ ಎರಡು ನಿಧಿಗಳು

ಡಿಟೆಕ್ಟರ್ ಹವ್ಯಾಸ ಬೇರುಬಿಟ್ಟಿರುವುದು ಇಂಗ್ಲೆಂಡಿನಲ್ಲಿ. ಹಾಗಾಗಿ ಮಾತನ್ನು ಅಲ್ಲಿಂದಲೇ ಶುರುಮಾಡೋಣ. 2015ರಲ್ಲಿ ಅಲ್ಲಿ ಒಂದೇ ಬಗೆಯ ಎರಡು ನಿಧಿಗಳು ಸಿಕ್ಕವು. ಎರಡೂ 870ರ ದಶಕದ ಕೊನೆಯ ಹೊತ್ತಿನವು, ವೈಕಿಂಗರ ದಾಳಿಯ ಕಾಲದವು. ಎರಡರಲ್ಲೂ ಅತಿ ವಿರಳವಾದ ಒಂದು ಬೆಳ್ಳಿ ನಾಣ್ಯವಿತ್ತು. ಅದರ ಮೇಲೆ ಇಬ್ಬರು ದೊರೆಗಳು ಪಕ್ಕಪಕ್ಕ ಕೂತಿದ್ದಾರೆ, ಮೇಲೆ ರೆಕ್ಕೆಯುಳ್ಳ ದೇವತೆ. ಹಳೆಯ ರೋಮನ್ ನಾಣ್ಯವೊಂದನ್ನು ನೋಡಿ ಮಾಡಿದ ಚಿತ್ರ ಅದು. ಈ ಬಗೆಯನ್ನು ವೆಸೆಕ್ಸಿನ ಆಲ್ಫ್ರೆಡ್ ಹೆಸರಲ್ಲೂ ಟಂಕಿಸಿದ್ದಾರೆ, ಪಕ್ಕದ ಮರ್ಸಿಯಾ ರಾಜ್ಯದ ಎರಡನೇ ಸಿಯೋಲ್‌ವುಲ್ಫ್ ಹೆಸರಲ್ಲೂ ಟಂಕಿಸಿದ್ದಾರೆ.

ಇದು ಯಾಕೆ ಮುಖ್ಯ ಅಂದರೆ, ಆಲ್ಫ್ರೆಡನ ಕಡೆಯವರು ಬರೆದ ವಾರ್ಷಿಕ ವೃತ್ತಾಂತ ಸಿಯೋಲ್‌ವುಲ್ಫನನ್ನು ವೈಕಿಂಗರು ಕೂರಿಸಿದ ಬುದ್ಧಿಗೇಡಿ ಅನ್ನುವ ಹಾಗೆ ಚಿತ್ರಿಸುತ್ತೆ. ನಾಣ್ಯ ಹೇಳುವ ಕಥೆಯೇ ಬೇರೆ. ಇಬ್ಬರೂ ಒಂದೇ ಬಗೆಯ ನಾಣ್ಯ ಹೊರಡಿಸಿದ್ದಾರೆ, ಅಂದರೆ ಇಬ್ಬರ ನಡುವೆ ಒಪ್ಪಂದ ಇತ್ತು. ಗೆದ್ದವರ ಪ್ರಶಸ್ತಿಗೆ ಎದುರಾಗಿ ಸಮಕಾಲೀನ ಸಾಕ್ಷಿ ನಿಲ್ಲುವುದನ್ನು ನಾವು ನಮ್ಮ ಶಾಸನಗಳಲ್ಲೂ ಕಂಡಿದ್ದೇವೆ, ಆದ್ದರಿಂದ ಇದರ ತೂಕ ನಮಗೆ ಬೇಗ ಗೊತ್ತಾಗುತ್ತೆ.

ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ನಿಧಿ ಕಂಡ ಹವ್ಯಾಸಿ ಅಧಿಕಾರಿಗಳಿಗೆ ತಿಳಿಸಿದ. ತಜ್ಞರು ಬಂದು ನಾಣ್ಯಗಳನ್ನು ಒಂದೊಂದಾಗಿ ಕೀಳದೆ ಮಣ್ಣಿನ ಗಡ್ಡೆಯ ಸಮೇತ ಎತ್ತಿದರು, ಬ್ರಿಟಿಷ್ ಮ್ಯೂಸಿಯಮ್ಮಿನ ಪ್ರಯೋಗಾಲಯದಲ್ಲಿ ನಿಧಾನವಾಗಿ ಬಿಡಿಸಿದರು. ಸುಮಾರು 200 ನಾಣ್ಯಗಳು, ಅದರಲ್ಲಿ ಇಬ್ಬರು ದೊರೆಗಳ ಬಗೆಯವು 13. ಆಶ್ಮೋಲಿಯನ್ ಮ್ಯೂಸಿಯಂ 2017ರಲ್ಲಿ 13.5 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಇವತ್ತು ಯಾರು ಬೇಕಾದರೂ ಹೋಗಿ ನೋಡಬಹುದು.

ಅದೇ ವರ್ಷ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿ ನಿಧಿ ಕಂಡ ಇಬ್ಬರು ಮುಚ್ಚಿಟ್ಟರು, ಬಿಡಿಬಿಡಿಯಾಗಿ ಮಾರಲು ಹೊರಟರು. ಮೊಬೈಲಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ಮರಳಿ ತೆಗೆದಾಗ ಸುಮಾರು 300 ನಾಣ್ಯಗಳಿದ್ದವು ಅನ್ನೋದು ತಿಳಿಯಿತು. 2019ರ ವಿಚಾರಣೆ ಹೊತ್ತಿಗೆ ಕೈಗೆ ಬಂದಿದ್ದು 31. ಇಬ್ಬರಿಗೂ ಹಲವು ವರ್ಷಗಳ ಜೈಲಾಯಿತು. ಆದರೆ ಉಳಿದ ನಾಣ್ಯಗಳು ಯಾರ ಯಾರ ಪೆಟ್ಟಿಗೆ ಸೇರಿದವೋ. ನಾಳೆ ಅವುಗಳಲ್ಲೊಂದು ಹರಾಜಿಗೆ ಬಂದರೆ ಎರಡೂ ಮುಖಗಳನ್ನು ಓದಬಹುದು, ತೂಗಬಹುದು, ಬೆಲೆಯನ್ನೂ ಕಟ್ಟಬಹುದು. ಅದರ ಜೊತೆ ಏನಿತ್ತು, ಸಿಯೋಲ್‌ವುಲ್ಫನವು ಎಷ್ಟು, ಆಲ್ಫ್ರೆಡನವು ಎಷ್ಟು ಎಂಬ ಲೆಕ್ಕ ಪೂರ್ತಿಯಾಗಿ ಮರಳಿ ಬರುವುದಿಲ್ಲ. ಒಪ್ಪಂದದ ಸ್ವರೂಪ ತಿಳಿಯಬೇಕಿದ್ದದ್ದು ಆ ಲೆಕ್ಕದಿಂದಲೇ.

ಜಾಗ ಅಂದರೆ ಊರಿನ ಹೆಸರಷ್ಟೇ ಅಲ್ಲ ಅನ್ನೋದಕ್ಕೆ ಇನ್ನೊಂದು ಉದಾಹರಣೆ ಇದೆ. 2010ರಲ್ಲಿ ಸೋಮರ್‌ಸೆಟ್ಟಿನ ಫ್ರೂಮ್ ಬಳಿ ಡೇವ್ ಕ್ರಿಸ್ಪ್ ಎಂಬ ಹವ್ಯಾಸಿಗೆ ಒಂದು ದೊಡ್ಡ ಮಡಕೆ ಸಿಕ್ಕಿತು. ಬಾಯಿ ಕಂಡ ತಕ್ಷಣ ಅಗೆಯುವುದನ್ನು ನಿಲ್ಲಿಸಿ ಪುರಾತತ್ವದವರನ್ನು ಕರೆಸಿದ. ಅವರು ಮಡಕೆಯನ್ನು ಪದರ ಪದರವಾಗಿ ಖಾಲಿ ಮಾಡಿದರು. 52,503 ರೋಮನ್ ನಾಣ್ಯಗಳು, ಸುಮಾರು 160 ಕಿಲೋ. ಅದರಲ್ಲಿ ಕೊನೆಯ ಕಾಲದವು ಬ್ರಿಟನ್ನಿನಲ್ಲಿ 286ರಿಂದ 293ರವರೆಗೆ ಸ್ವತಂತ್ರವಾಗಿ ಆಳಿದ ಕರೌಸಿಯಸ್‌ನವು. ವರ್ಷ ವರ್ಷ ಕೂಡಿಟ್ಟ ಉಳಿತಾಯವಾಗಿದ್ದರೆ ಇವು ಮೇಲೆ ಇರಬೇಕಿತ್ತು. ಸಿಕ್ಕಿದ್ದು ಬಹುಪಾಲು ಕೆಳಗಿನ ಪದರದಲ್ಲಿ. ಅಂದರೆ ಮಡಕೆ ನಿಧಾನವಾಗಿ ತುಂಬಿದ ಹುಂಡಿ ಅಲ್ಲ, ಒಂದೇ ಸಲಕ್ಕೆ ಸುರಿದು ತುಂಬಿದ್ದು. ದೈವಕ್ಕೆ ಒಪ್ಪಿಸಿದ ಕಾಣಿಕೆಯೇ ಎಂಬ ಚರ್ಚೆ ಹುಟ್ಟಿದ್ದು ಇದರಿಂದ. ಕ್ರಿಸ್ಪ್ ಮಡಕೆಯನ್ನು ಮಗುಚಿ ಚೀಲಕ್ಕೆ ಸುರಿದಿದ್ದರೂ 52,503 ನಾಣ್ಯಗಳು ಹಾಗೇ ಇರುತ್ತಿದ್ದವು. ಈ ಪ್ರಶ್ನೆ ಮಾತ್ರ ಹುಟ್ಟುತ್ತಿರಲಿಲ್ಲ.

ನಮ್ಮಲ್ಲೂ ಇದಕ್ಕೆ ಸಮನಾದದ್ದು ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ದಿನಾರಿಗಳು ಸಿಕ್ಕವು. ತಿಬೇರಿಯಸ್‌ನ ದಿನಾರಿ ಜಗತ್ತಿನ ನಾಣ್ಯಪೇಟೆಯಲ್ಲಿ ಅಪರೂಪದ್ದೇನಲ್ಲ. ಆದರೆ ಅದಕ್ಕೆ "ಯಶವಂತಪುರ" ಅನ್ನುವ ಒಂದು ಪದ ಸೇರಿದ ಕೂಡಲೇ ಅದು ಬೆಂಗಳೂರು ಸುತ್ತಿನ ಎರಡು ಸಾವಿರ ವರ್ಷ ಹಿಂದಿನ ವ್ಯಾಪಾರದ ಮಾತಾಡುತ್ತೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ರೋಮನ್ ನಾಣ್ಯಗಳಿಗೆ ಬೆಲೆ ಬಂದಿದ್ದೂ ಬೆಳ್ಳಿಯಿಂದ ಅಲ್ಲ, ಅವು ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆ ಇದ್ದವು ಅನ್ನೋದರಿಂದ. ಪಕ್ಕದಲ್ಲಿದ್ದ ಹೆಸರಿಲ್ಲದ ವಸ್ತುಗಳಿಗೆ ಅವು ಕಾಲ ತೋರಿಸಿದವು.

ಯಂತ್ರ ಹೇಳುವುದು ಎಷ್ಟು?

ನಾನು ವೃತ್ತಿಯಿಂದ ಎಂಜಿನಿಯರ್. ಈ ಯಂತ್ರದ ಬಗ್ಗೆ ಇರುವ ಭ್ರಮೆಯನ್ನು ಸ್ವಲ್ಪ ಕಳೆಯುತ್ತೇನೆ. ಡಿಟೆಕ್ಟರಿನ ಸುರುಳಿ ಮಣ್ಣಿಗೆ ಬದಲಾಗುತ್ತಿರುವ ಕಾಂತಕ್ಷೇತ್ರ ಕಳಿಸುತ್ತೆ. ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟುತ್ತೆ, ಅದು ತಿರುಗಿ ಕೊಡುವ ಕ್ಷೇತ್ರವನ್ನು ಯಂತ್ರ ಅಳೆಯುತ್ತೆ. ಪರದೆ ಮೇಲೆ ಬರುವ ಅಂಕಿ ವಸ್ತುವಿನ ವಾಹಕತೆ, ಗಾತ್ರ, ಆಕಾರ ಎಲ್ಲ ಕಲಸಿದ ಒಂದು ಅಂದಾಜು. ಅದರಲ್ಲಿ ಕಾಲ ಇಲ್ಲ, ಅರಸ ಇಲ್ಲ. ಚಿಕ್ಕ ಚಿನ್ನದ ಹಣವೂ ಅಲ್ಯೂಮಿನಿಯಂ ಹಾಳೆಯ ಚೂರೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬಹುದು. ನಾಣ್ಯದಷ್ಟು ಸಣ್ಣ ವಸ್ತುವನ್ನು ಸಾಮಾನ್ಯ ಯಂತ್ರ ಗೇಣುದ್ದಕ್ಕಿಂತ ಹೆಚ್ಚು ಆಳದಲ್ಲಿ ಹಿಡಿಯುವುದು ಕಷ್ಟ. "ಇಪ್ಪತ್ತು ಅಡಿ ಕೆಳಗಿನ ಚಿನ್ನ ತೋರಿಸುತ್ತೆ" ಅಂತ ಮಾರುವ ಪೆಟ್ಟಿಗೆಗಳ ಬಗ್ಗೆ ಇಷ್ಟು ಹೇಳಿದರೆ ಸಾಕು.

ಇದರಿಂದ ಒಂದು ಮುಖ್ಯ ಮಾತು ಹೊರಡುತ್ತೆ. ಗೇಣು ಆಳ ಅಂದರೆ ನೇಗಿಲು, ಟ್ರ್ಯಾಕ್ಟರು ಕಲಕಿದ ಮಣ್ಣು. ಅಲ್ಲಿ ಬಿಡಿ ನಾಣ್ಯ ಸಿಕ್ಕರೆ ಹೊಲದ ಮಟ್ಟಿಗೆ ಜಾಗ ಗುರುತು ಮಾಡಿದರೂ ಉಪಯೋಗ ಇದೆ. ಅದರ ಕೆಳಗಿನ ಅಲುಗದ ಮಣ್ಣಿಗೆ ಗುದ್ದಲಿ ಇಳಿಸಿದ ಗಳಿಗೆಯಿಂದ ನಾವು ಉತ್ಖನನ ಮಾಡುತ್ತಿದ್ದೇವೆ, ಅದೂ ದಾಖಲೆ ಇಲ್ಲದೆ.

ಗುರುತಿಸುವುದು ಅಂದರೆ ಓದುವುದು

ವಿಡಿಯೊಗಳಲ್ಲಿ ಗುರುತಿಸುವ ಕ್ರಮ ಹೀಗೆ: ಆನೆ ಕಂಡರೆ ಟಿಪ್ಪು, ಹನುಮಂತ ಕಂಡರೆ ವಿಜಯನಗರ, ಸಿಂಹ ಕಂಡರೆ ಹೊಯ್ಸಳ. ಇದು ಶಾಸನದ ಮೇಲಿನ ಸೂರ್ಯಚಂದ್ರ ನೋಡಿ ಕಾಲ ಹೇಳಿದ ಹಾಗೆ. ಆನೆ ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲೂ ಇದೆ, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಇದೆ. ಬೇರೆ ಮಾಡುವುದು ಅಕ್ಷರ. ಒಡೆಯರ ಕಾಸಿನ ಮೇಲೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತಲೂ ಇಂಗ್ಲಿಷಿನಲ್ಲಿ ಅದರ ಮೌಲ್ಯವೂ ಇರುತ್ತೆ.

ಟಿಪ್ಪುವಿನ ನಾಣ್ಯದಲ್ಲಿ ಇನ್ನೊಂದು ತೊಡಕು. ಆತ ಆಳ್ವಿಕೆಯ ನಡುವೆ ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಎಣಿಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬ ವರ್ಷವನ್ನು ಎಡದಿಂದ ಓದಿದರೆ 5121 ಆಗುತ್ತೆ. ತಿರುಗಿಸಿ 1215 ಅಂತ ಓದಿ ಹಿಜರಿ ಅಂದುಕೊಂಡರೆ ಕ್ರಿ.ಶ. 1800ಕ್ಕೆ ಹೋಗಿ ನಿಲ್ಲುತ್ತೆ, ಅಂದರೆ ಟಿಪ್ಪು ಮಡಿದ ಮೇಲೆ! ಅದು ನಿಜಕ್ಕೂ 1787ರ ಸುಮಾರಿನದು. ಇಲ್ಲಿ ಚಿತ್ರ ನೋಡಿ ಹೇಳುವವರು ಅರಸನನ್ನೇನೋ ಸರಿಯಾಗಿ ಹೇಳಿಯಾರು, ವರ್ಷವನ್ನು ಹೇಳಲಾರರು.

ನಮ್ಮ ನಾಡಿನ ಅತ್ಯುತ್ತಮ ಉದಾಹರಣೆ ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣ. ಒಂದು ಬದಿ ಸಿಂಹ, ಇನ್ನೊಂದು ಬದಿ ಕನ್ನಡ ಅಕ್ಷರ. ಕೆಲವದರ ಮೇಲೆ "ಶ್ರೀ ತಳಕಾಡುಗೊಂಡ", ಕೆಲವದರ ಮೇಲೆ "ಶ್ರೀ ನೊಳಂಬವಾಡಿಗೊಂಡ". ಅರಸನ ಹೆಸರೇ ಇಲ್ಲ, ಬಿರುದೇ ಹೆಸರು. ಈತ ಯಾರು ಅಂತ ನಾಣ್ಯಕ್ಕೆ ಹೇಳಿಕೊಟ್ಟಿದ್ದು ಕಲ್ಲಿನ ಶಾಸನಗಳು. ಅದೇ ಬಿರುದುಗಳ ಸಾಲು ಅಲ್ಲಿ ಹೆಸರಿನ ಜೊತೆ ಬರುತ್ತೆ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿದ್ದರೆ ಅಂಚಿನ ಅಕ್ಷರ ಬಿಟ್ಟುಹೋಗುತ್ತೆ. ಆಗ "ಗೊಂಡ" ಅಷ್ಟೇ ಕಂಡರೂ ಮೇಲಿನ ಸಾಲಿನಲ್ಲಿ ಉಳಿದ ಗೆರೆಗಳಿಂದ "ಳ" ಇದೆಯೋ "ಳಂ" ಇದೆಯೋ ಅಂತ ತೀರ್ಮಾನಿಸಬೇಕು. ಇದು ಸವೆದ ಶಾಸನ ಓದುವವರಿಗೆ ಪಳಗಿದ ಕೆಲಸ. ಈ ಓದುಗ ಬಳಗ ಇಲ್ಲಿ ನೆರವಾಗಬಲ್ಲದು ಅಂತ ನಾನು ಹೇಳುವುದು ಇದಕ್ಕೇ.

ಓದುವ ಮೊದಲು ತೂಗಬೇಕು. ಅಡುಗೆಮನೆ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ವಿಜಯನಗರದ ವರಾಹ ಸುಮಾರು 3.4 ಗ್ರಾಂ, ಅರ್ಧ ವರಾಹ 1.7. ನಂತರ ನೂಲಿನಿಂದ ನೀರಲ್ಲಿ ಇಳಿಬಿಟ್ಟು ತೂಗಿ. 3.4 ಗ್ರಾಮಿನ ಶುದ್ಧ ಚಿನ್ನ ನೀರಲ್ಲಿ ಕಳೆದುಕೊಳ್ಳುವುದು ಸುಮಾರು 0.18 ಗ್ರಾಂ, ಅಷ್ಟೇ ತೂಕದ ಹಿತ್ತಾಳೆ ಕಳೆದುಕೊಳ್ಳುವುದು 0.40. ಹಳೆಯ ವರಾಹದಲ್ಲಿ ಬೆರಕೆ ಇರುವುದರಿಂದ ಅಂಕಿ 0.18ಕ್ಕಿಂತ ಸ್ವಲ್ಪ ಮೇಲಿರುತ್ತೆ, 0.40ರ ಹತ್ತಿರ ಹೋಗುವುದಿಲ್ಲ. ಉಜ್ಜುವುದು, ಆಸಿಡ್ ಹಾಕುವುದು, ಗೀರಿ ನೋಡುವುದು ಯಾವುದೂ ಬೇಕಾಗಿಲ್ಲ.

ಓದಿದರೆ ಬಯಲಾಗುವ ಮೋಸವೂ ಒಂದಿದೆ. ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ತಾಮ್ರದ ಬಿಲ್ಲೆ, ಹಿಂದೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, "ಯುಕೆಎಲ್ ಒಂದಾಣೆ", 1818 ಎಂಬ ಇಸವಿ. ಅಕ್ಕಿಕಾಳು ಎಳೆಯುವ ಶಕ್ತಿ ಇದೆ, ಕೋಟಿ ಬೆಲೆ ಅಂತ ಹೇಳಿ ಜನರ ದುಡ್ಡು ನುಂಗಿದ ಪ್ರಕರಣಗಳು ಪತ್ರಿಕೆಯಲ್ಲಿ ಬರುತ್ತಲೇ ಇವೆ. "ಕಂಪನಿಯವರು ದೇವರ ಚಿತ್ರ ಹಾಕ್ತಿದ್ರಾ?" ಅನ್ನೋದು ಇದಕ್ಕೆ ಸರಿಯಾದ ಖಂಡನೆ ಅಲ್ಲ, ಯಾಕಂದ್ರೆ ಹಾಕಿದ್ದಾರೆ. ಮದರಾಸಿನ ಕಂಪನಿ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ಚಿನ್ನದ ನಾಣ್ಯ ಹೊರಡಿಸಿತ್ತು, ಅದಕ್ಕೆ ಮೂರು ಸ್ವಾಮಿ ಪಗೋಡಾ ಅಂತಲೇ ಹೆಸರು. ಖಂಡನೆ ಇರುವುದು ಪಾಠದಲ್ಲಿ. 1818ರಲ್ಲಿ ಬಂಗಾಳ, ಮದರಾಸು, ಬೊಂಬಾಯಿಗೆ ಬೇರೆ ಬೇರೆ ನಾಣ್ಯ ಪದ್ಧತಿಗಳಿದ್ದವು. ಏಕರೂಪ ಬಂದಿದ್ದು 1835ರಲ್ಲಿ, ಆಗಲೂ ತಾಮ್ರದಲ್ಲಿ ಅರ್ಧಾಣೆಗಿಂತ ದೊಡ್ಡದಿಲ್ಲ. ಒಂದಾಣೆ ನಾಣ್ಯ ಬಂದಿದ್ದು ಏಳನೇ ಎಡ್ವರ್ಡ್ ಕಾಲಕ್ಕೆ, ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ. "ಯುಕೆಎಲ್" ಅನ್ನುವುದು ಕಂಪನಿಯ ಯಾವ ನಾಣ್ಯದಲ್ಲೂ ಇಲ್ಲ. ಕೂಟಶಾಸನವನ್ನು ಹಿಡಿಯುವ ವಿಧಾನವೇ ಇಲ್ಲೂ ಕೆಲಸ ಮಾಡುತ್ತೆ: ಹೇಳಿಕೊಳ್ಳುವ ಕಾಲಕ್ಕೆ ಆ ಮಾತು ಸಲ್ಲುತ್ತಾ ನೋಡಬೇಕು.

ಬೆಲೆ ಒಂದಲ್ಲ, ಮೂರು

ಮೊದಲನೆಯದು ಲೋಹದ ಬೆಲೆ. ಅಕ್ಕಸಾಲಿಗೆ ಕೊಟ್ಟರೆ ಸಿಗುವುದು ಇಷ್ಟೇ, ಅಲ್ಲಿಗೆ ಮೂರು ಮುಖಗಳೂ ಕರಗಿದವು.

ಎರಡನೆಯದು ಪೇಟೆ ಬೆಲೆ. ಇದಕ್ಕೆ ಆಧಾರ ವಯಸ್ಸಲ್ಲ. ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿವೆ, ಎಷ್ಟು ಜನಕ್ಕೆ ಬೇಕು ಅನ್ನೋದು. ಆರನೇ ಜಾರ್ಜನ 1939ರ ಬೆಳ್ಳಿ ರೂಪಾಯಿ 1940ರದ್ದಕ್ಕಿಂತ ಎಷ್ಟೋ ಪಟ್ಟು ದುಬಾರಿ, ನಡುವೆ ಇರುವುದು ಒಂದೇ ವರ್ಷ. ಎರಡು ಸಾವಿರ ವರ್ಷ ಹಳೆಯ ಸವೆದ ಸೀಸದ ನಾಣ್ಯ ಅದರ ಹತ್ತಿರಕ್ಕೂ ಬರುವುದಿಲ್ಲ. "ಹಳೆಯದು, ಅದಕ್ಕೇ ಲಕ್ಷ" ಅನ್ನುವ ಮಾತಿಗೆ ಬುಡವೇ ಇಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ, ತನ್ನ ಹೆಸರು ಹೇಳಿಕೊಂಡು ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ಎಚ್ಚರಿಕೆ ಕೊಡಬೇಕಾಯಿತು. ಪೇಟೆಗಾಗಿ ನಿಂಬೆಹುಳಿ, ಹುಣಸೆ ಹಚ್ಚಿ ಹೊಳಪಿಸುವವರು ಪೇಟೆ ಬೆಲೆಯನ್ನೂ ಕಳೆಯುತ್ತಾರೆ. ಆ ಹಸಿರು ಕಂದು ಪದರ ಕೊಳೆಯಲ್ಲ, ತಾಮ್ರದ ಚರ್ಮ.

ಮೂರನೆಯದು ಸಾಕ್ಷ್ಯದ ಬೆಲೆ. ಬನವಾಸಿ ಸುತ್ತಿನ ಸೀಸದ ನಾಣ್ಯಕ್ಕೆ ಪೇಟೆಯಲ್ಲಿ ಕಿಮ್ಮತ್ತಿಲ್ಲ. ಆದರೆ ಚುಟುಗಳ ಬಗ್ಗೆ ಬೆರಳೆಣಿಕೆಯ ಶಾಸನಗಳಿರುವಾಗ, ಯಾವ ಹೆಸರಿನ ನಾಣ್ಯ ಯಾವ ಊರಿನವರೆಗೆ ಹೋಗಿದೆ ಅನ್ನೋದು ಅವರ ನಾಡಿನ ಹರವು ತಿಳಿಯಲು ದೊಡ್ಡ ಆಧಾರ. ಈ ಬೆಲೆ ಹಣದಲ್ಲಿ ಬರುವುದಿಲ್ಲ. ಹಾಗಾಗಿ ಮಾರುವವರ ಲೆಕ್ಕದಲ್ಲಿ ಇದು ಸೊನ್ನೆ. ವಿಚಿತ್ರ ಏನಂದರೆ ನಮ್ಮ ಹಳೆಯ ಕಾಯ್ದೆಯ ಲೆಕ್ಕದಲ್ಲೂ ಇದು ಸೊನ್ನೆಯೇ.

ಕಾಯ್ದೆಯ ತಕ್ಕಡಿ

1878ರ ಭಾರತೀಯ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿರುವ ಹತ್ತು ರೂಪಾಯಿ ಮೀರಿದ ಬೆಲೆಬಾಳುವ ವಸ್ತು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ಸರ್ಕಾರ ಅದನ್ನು ಕೊಂಡರೆ ಕೊಡುವುದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ಪುರಾತತ್ವಕ್ಕೆ ಆಧಾರವಾದ ಕಾಯ್ದೆಯೇ ನಾಣ್ಯವನ್ನು ಅಕ್ಕಸಾಲಿಯ ಹಾಗೆ ತೂಗಿತು. ಇಂಗ್ಲೆಂಡಿನ 1996ರ ಕಾಯ್ದೆ ಬೇರೆ ದಾರಿ ಹಿಡಿಯಿತು. ತಜ್ಞರ ಸಮಿತಿ ಪೂರ್ತಿ ಪೇಟೆ ಬೆಲೆ ನಿಗದಿ ಮಾಡುತ್ತೆ, ಸಿಕ್ಕವನಿಗೂ ಜಮೀನಿನವನಿಗೂ ಹಂಚುತ್ತಾರೆ. ಫ್ರೂಮ್ ನಿಧಿಗೆ ಹೀಗೆ 3,20,250 ಪೌಂಡ್ ಬಂತು. ಕಾಯ್ದೆಗೆ ಒಳಪಡದ ಬಿಡಿ ನಾಣ್ಯವನ್ನೂ ತೋರಿಸಿ ದಾಖಲಿಸುವ ವ್ಯವಸ್ಥೆ ಅಲ್ಲಿದೆ. ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಜಾಗದ ಸಮೇತ ದಾಖಲಾಗಿವೆ.

ಇದನ್ನು ಓದಿ ನಮ್ಮಲ್ಲಿ ಕೆಲವರು "ನಾವೂ ಡಿಟೆಕ್ಟರ್ ಬಿಡೋಣ, ಬಹುಮಾನ ಕೊಡೋಣ" ಅಂತಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ವ್ಯವಸ್ಥೆ ನಿಂತಿರುವುದು ಪ್ರತಿ ಜಿಲ್ಲೆಯಲ್ಲಿ ಕೂತು ನಾಣ್ಯ ನೋಡಿ ಬರೆದುಕೊಳ್ಳುವ ಅಧಿಕಾರಿಯ ಮೇಲೆ. ಅಷ್ಟಿದ್ದೂ ಲೆಮ್‌ಸ್ಟರ್ ನಡೆಯಿತು. ನಮ್ಮಲ್ಲಿ ನಿಧಿಯಾಸೆಗೆ ವೀರಗಲ್ಲು ಕೀಳುವುದು, ಪಾಣಿಪೀಠ ಬುಡಮೇಲು ಮಾಡುವುದು ಹೊಸದಲ್ಲ. ಶಾಸನದ ಕಲ್ಲನ್ನು ನಿಧಿಯ ಗುರುತು ಅಂತ ಒಡೆದ ಊರುಗಳನ್ನು ನೀವೂ ನೋಡಿದ್ದೀರಿ. ಆ ಕೈಗೆ ಯಂತ್ರ ಕೊಟ್ಟರೆ ಏನಾಗುತ್ತೆ ಅಂತ ವಿವರಿಸಬೇಕಿಲ್ಲ. ಸಂರಕ್ಷಿತ ಸ್ಥಳದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ ಅನ್ನುವ ನಿಯಮ ಸಡಿಲವಾಗುವುದು ಬೇಡ.

ಆದರೆ ಇಂಗ್ಲೆಂಡಿನಿಂದ ಕಲಿಯಬೇಕಾದ ಪಾಠ ಒಂದಿದೆ, ಅದು ಯಂತ್ರದ್ದಲ್ಲ, ನಂಬಿಕೆಯದ್ದು. ನಮ್ಮಲ್ಲಿ ನಾಣ್ಯ ಸಿಗುವುದು ಹೆಚ್ಚಾಗಿ ಹವ್ಯಾಸಿಗಳಿಗಲ್ಲ. ಉಳುವ ರೈತನಿಗೆ, ಪಾಯ ತೋಡುವವರಿಗೆ, ಕೆರೆ ಹೂಳು ತೆಗೆಯುವ ಕೂಲಿಯವರಿಗೆ, ಜೆಸಿಬಿ ಚಾಲಕರಿಗೆ. ಅವರು ತಿಳಿಸದೆ ಇರುವುದು ದುರಾಸೆಯಿಂದ ಮಾತ್ರ ಅಲ್ಲ. ಪೊಲೀಸು, ಪಂಚನಾಮೆ, "ಇನ್ನೂ ಎಷ್ಟಿತ್ತು ಹೇಳು" ಅನ್ನುವ ಅನುಮಾನ, ಹೊಲಕ್ಕೆ ಬೇಲಿ ಬಿದ್ದೀತೆಂಬ ಭಯ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಅದರ ಜಾರಿ ಹೆದರಿಸುವಂತಿದ್ದಷ್ಟು ದಿನ ತಾಮ್ರ, ಸೀಸದ ನಾಣ್ಯಗಳು ಗುಜರಿಗೂ ಚಿನ್ನದವು ಅಕ್ಕಸಾಲಿಗೂ ಹೋಗುತ್ತಲೇ ಇರುತ್ತವೆ. ತಾಲ್ಲೂಕು ಮಟ್ಟದಲ್ಲಿ ಒಬ್ಬ ತಿಳಿದವರು ಕೂತು, ಹೆದರಿಸದೆ, ಸಿಕ್ಕವರ ಹೆಸರನ್ನು ಗೌರವದಿಂದ ಬರೆದುಕೊಳ್ಳುವಂತಾದರೆ ಬಹುಮಾನದ ಮೊತ್ತಕ್ಕಿಂತ ಅದು ಹೆಚ್ಚು ನಾಣ್ಯ ಉಳಿಸುತ್ತೆ.

ಅಲ್ಲಿವರೆಗೆ ನಮ್ಮ ಕೈಲಿರುವುದು ಇಷ್ಟು. ನೆಲದಲ್ಲಿ ನಾಣ್ಯ ಕಂಡರೆ ಕೈ ಹಾಕುವ ಮೊದಲು ಇದ್ದ ಹಾಗೇ ಫೋಟೋ ತೆಗೆಯಿರಿ. ಒಂದಕ್ಕಿಂತ ಹೆಚ್ಚಿದ್ದರೆ ಅಲ್ಲೇ ನಿಲ್ಲಿಸಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ತೊಳೆಯಬೇಡಿ. ಸರ್ವೆ ನಂಬರನ್ನು ಇಲಾಖೆಗೆ ಕೊಡಿ, ಬಹಿರಂಗವಾಗಿ ಹಾಕಬೇಡಿ, ಮರುದಿನವೇ ಗುದ್ದಲಿ ಬರುತ್ತೆ. ಮನೆಯಲ್ಲಿ ಅಜ್ಜಿಯ ಕಾಲದಿಂದ ಉಳಿದ ನಾಣ್ಯವಿದ್ದರೆ ಅದು ಯಾವ ಊರಿಂದ, ಯಾರ ಮೂಲಕ ಬಂತು ಅಂತ ಹಿರಿಯರನ್ನು ಈಗಲೇ ಕೇಳಿ ಚೀಟಿಯಲ್ಲಿ ಬರೆದು ಜೊತೆಗಿಡಿ. ಸೀಸದ್ದಾದರೆ ಮರದ ಪೆಟ್ಟಿಗೆಯಲ್ಲಿ ಇಡಬೇಡಿ, ಮರದಿಂದ ಬರುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತೆ.

ಈ ಬಳಗದಲ್ಲಿ ನಾಣ್ಯದ ಚಿತ್ರ ಹಂಚುವವರಿಗೂ ಅದೇ ಕೋರಿಕೆ. ಎರಡೂ ಬದಿಯ ಚಿತ್ರ, ತೂಕ, ಅಡ್ಡಳತೆ, ತಾಲ್ಲೂಕಿನ ಹೆಸರು. ಇವು ನಾಲ್ಕೂ ಇದ್ದರೆ ಅಕ್ಷರ ಬಿಡಿಸಲು ಇಲ್ಲಿ ಹತ್ತು ಜನ ಸಿದ್ಧರಿದ್ದಾರೆ. ಎಷ್ಟು ಸಿಗುತ್ತೆ ಅನ್ನುವ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಕ್ಕಿಲ್ಲ.